ಹಿಂತಿರುಗಿದವರಿಗೆ ಚಪ್ಪಾಳೆ ತಟ್ಟುವವರು ಯಾರು?

1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಒಂದು ಪಂದ್ಯ ಘೋಷಿಸಿತು. ಹಾಯಿದೋಣಿಯಲ್ಲಿ ಒಬ್ಬರೇ ಹೊರಟು, ಯಾವ ಬಂದರಿನಲ್ಲೂ ನಿಲ್ಲದೆ, ಯಾರಿಂದಲೂ ಅನ್ನ ನೀರು ಹಗ್ಗ ಪಡೆಯದೆ ಭೂಮಿಗೆ ಒಂದು ಸುತ್ತು ಹಾಕಿ ಬರಬೇಕು. ಮೊದಲು ಬಂದವರಿಗೆ ‘ಗೋಲ್ಡನ್ ಗ್ಲೋಬ್’ ಎಂಬ ಪಾರಿತೋಷಕ. ಎಲ್ಲರಿಗಿಂತ ಕಡಿಮೆ ದಿನಗಳಲ್ಲಿ ಸುತ್ತಿ ಬಂದವರಿಗೆ 5000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವತ್ತು ಬೇಕಾದರೂ ಹೊರಡಬಹುದಿತ್ತು. ನಿಮಗೆ ದೋಣಿ ನಡೆಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅರ್ಹತೆಯ ಪರೀಕ್ಷೆ ಇರಲಿಲ್ಲ.

ಅಲ್ಲಿಯತನಕ ಮನುಷ್ಯರಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಹಿಂದಿನ ವರ್ಷವಷ್ಟೇ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಅರವತ್ತೈದರ ಆಸುಪಾಸಿನ ಮುದುಕ ಸಿಡ್ನಿಯಲ್ಲಿ ಒಂದೇ ಸಲ ನಿಂತು ಸುತ್ತಿ ಬಂದಿದ್ದ. ಬ್ರಿಟನ್ನಿನ ರಾಣಿ ಅವನಿಗೆ ಸರ್ ಪದವಿ ಕೊಟ್ಟಿದ್ದಳು. ಇಡೀ ದೇಶ ದಡದಲ್ಲಿ ನಿಂತು ಕೈಬೀಸಿತ್ತು. ಇನ್ನು ಉಳಿದದ್ದು ಆ ಒಂದು ನಿಲುಗಡೆಯನ್ನೂ ತೆಗೆದುಹಾಕುವುದು.

ಒಂಬತ್ತು ಜನ ಹೊರಟರು. ಒಬ್ಬ ಗೆದ್ದ. ಒಬ್ಬನ ದೋಣಿ ಮನೆ ಹತ್ತಿರವಾದಾಗ ಮುರಿದು ಮುಳುಗಿತು. ಒಬ್ಬ ಗೆಲುವು ಕೈಗೆಟಕುವಂತಿದ್ದಾಗ ಪಂದ್ಯವೇ ಬೇಡವೆಂದು ತಾಹಿತಿಯ ಕಡೆ ಹೊರಟುಹೋದ. ಒಬ್ಬ ಸುಳ್ಳು ಹೇಳಿ, ಆ ಸುಳ್ಳಿನೊಳಗೇ ಸತ್ತ. ಮಿಕ್ಕ ಐದು ಜನ ಅರ್ಧದಾರಿಯಲ್ಲಿ ಪಂದ್ಯ ಕೈಬಿಟ್ಟು ದಡ ಸೇರಿದರು.

ಇಂಥವರನ್ನು ಮೆಚ್ಚಬೇಕೋ ಬೈಯಬೇಕೋ ಎಂಬ ವಾದ ಅಂದಿನಿಂದ ಇಂದಿನವರೆಗೂ ನಡೆದೇ ಇದೆ. ಒಬ್ಬರು ಸಮುದ್ರಕ್ಕೆ ಒಂಟಿಯಾಗಿ ಹೊರಟಾಗಲೆಲ್ಲ, ಅದರಲ್ಲೂ ಅವರನ್ನು ಹುಡುಕಲು ಒಂದು ದೇಶದ ಸರ್ಕಾರ ವಿಮಾನ ಹಾರಿಸಬೇಕಾಗಿ ಬಂದಾಗಲೆಲ್ಲ ಅದು ಮತ್ತೆ ಏಳುತ್ತದೆ. ಎರಡೂ ಕಡೆಯವರು ಒಂದೇ ತಪ್ಪು ಅಳತೆಗೋಲು ಹಿಡಿದಿದ್ದಾರೆ ಎಂದು ನನಗೆ ಅನಿಸುತ್ತದೆ. ಅಪಾಯ ದೊಡ್ಡದಾದಷ್ಟೂ ಮೆಚ್ಚುವವರು ಹೆಚ್ಚು ಮೆಚ್ಚುತ್ತಾರೆ, ಬೈಯುವವರು ಹೆಚ್ಚು ಬೈಯುತ್ತಾರೆ. ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ: ಈ ಮನುಷ್ಯನಿಗೆ ಹಿಂತಿರುಗುವ ದಾರಿ ಇತ್ತೇ? ಇರಲಿಲ್ಲವಾದರೆ ಅದನ್ನು ಮುಚ್ಚಿದವರು ಯಾರು?

ಮೊದಲು ಪದದ ವಿಷಯ. ಅನುವಾದ ಮಾಡಿ ಹೊಟ್ಟೆ ಹೊರೆಯುವವರಿಗೆ ಇದು ತಪ್ಪಿದ್ದಲ್ಲ. ಇಂಗ್ಲಿಷಿನ ‘ರೆಕ್‌ಲೆಸ್’ ಎಂಬ ಪದವನ್ನು ಕನ್ನಡಕ್ಕೆ ತರುವಾಗ ಪ್ರತಿ ಸಲವೂ ನನ್ನ ಕೈ ನಿಲ್ಲುತ್ತದೆ. ಆ ಪದದೊಳಗಿರುವ ‘ರೆಕ್’ ಎಂದರೆ ಲಕ್ಷ್ಯ, ಗಮನ. ಅದಿಲ್ಲದವನು ರೆಕ್‌ಲೆಸ್. ಅಂದರೆ ಆ ಪದ ಬೈಯುತ್ತಿರುವುದು ಧೈರ್ಯವನ್ನಲ್ಲ, ಲಕ್ಷ್ಯವಿಲ್ಲದಿರುವುದನ್ನು. ನಾವು ಸಲೀಸಾಗಿ ‘ದುಸ್ಸಾಹಸ’ ಎಂದು ಬರೆದುಬಿಡುತ್ತೇವೆ. ಅಲ್ಲಿಗೆ ಸಾಹಸ ಒಳ್ಳೆಯದು, ದುಸ್ಸಾಹಸ ಕೆಟ್ಟದ್ದು, ಎರಡರ ನಡುವೆ ಒಂದು ಗೆರೆ ಇದೆ ಎಂದು ಒಪ್ಪಿಕೊಂಡಂತಾಯಿತು. ಗೆರೆ ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ದೋಣಿ ದಡ ಮುಟ್ಟಿದರೆ ಸಾಹಸ, ಮುಳುಗಿದರೆ ದುಸ್ಸಾಹಸ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದರೆ ಇದೇ.

ಸಂಸ್ಕೃತದಲ್ಲಿ ಈ ಪದದ ಹುಟ್ಟು ಅಷ್ಟೇನೂ ಮರ್ಯಾದೆಯದಲ್ಲ. ‘ಸಹಸ್’ ಎಂದರೆ ಬಲ. ಆ ಬಲವನ್ನು ಹಿಂದೆಮುಂದೆ ನೋಡದೆ ಪ್ರಯೋಗಿಸುವುದು ಸಾಹಸ. ಮನುಸ್ಮೃತಿಯಲ್ಲಿ ರಾಜ ವಿಚಾರಣೆ ಮಾಡಬೇಕಾದ ಹದಿನೆಂಟು ಬಗೆಯ ವ್ಯಾಜ್ಯಗಳ ಪಟ್ಟಿಯಿದೆ, ಅದರಲ್ಲಿ ಸಾಹಸವೂ ಒಂದು. ಅಲ್ಲಿ ಅದರ ಅರ್ಥ ಬಲಾತ್ಕಾರದ ಅಪರಾಧ. ಕನ್ನಡಕ್ಕೆ ಬರುವಾಗ ಪದದ ಅದೃಷ್ಟ ತಿರುಗಿತು. ಹತ್ತನೆಯ ಶತಮಾನದ ರನ್ನನ ಗದಾಯುದ್ಧಕ್ಕೆ ಸಾಹಸಭೀಮವಿಜಯ ಎಂಬ ಇನ್ನೊಂದು ಹೆಸರಿದೆ. ಆಶ್ರಯ ಕೊಟ್ಟ ರಾಜನ ಬಿರುದೇ ಸಾಹಸಭೀಮ. ಅಲ್ಲಿಂದ ವಿಷ್ಣುವರ್ಧನ್ ಅವರ ಸಾಹಸಸಿಂಹದವರೆಗೆ, ಸಾವಿರ ವರ್ಷ ಈ ಪದಕ್ಕೆ ನಾವು ಹಾರ ಹಾಕುತ್ತಲೇ ಬಂದಿದ್ದೇವೆ. ಅಪರಾಧದ ಪಟ್ಟಿಯಲ್ಲಿದ್ದದ್ದು ಬಿರುದಾಯಿತು.

ಪುಸ್ತಕದ ಪದ ಬಿಟ್ಟು ಆಡುಮಾತಿಗೆ ಬಂದರೆ ನಮ್ಮ ಜನ ಹೆಚ್ಚು ನಿಖರ. ಕೆಚ್ಚು ಬೇರೆ, ಎದೆಗಾರಿಕೆ ಬೇರೆ. ಹುಂಬತನ ಬೇರೆ, ದುಡುಕು ಬೇರೆ. ಭಂಡಧೈರ್ಯ ಎಂದರೆ ಇನ್ನೂ ಬೇರೆ. ಒಳಗೆ ಪುಕ್ಕಲು, ಹೊರಗೆ ನಾಚಿಕೆಬಿಟ್ಟ ಧೈರ್ಯ. ಈ ಪದಗಳೆಲ್ಲ ಅಳೆಯುವುದು ಅಪಾಯದ ಗಾತ್ರವನ್ನಲ್ಲ, ಮನುಷ್ಯನ ಒಳಗಿನ ಸ್ಥಿತಿಯನ್ನು. ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಒಂಬತ್ತು ಜನರ ಕಡೆ ನೋಡೋಣ.

ಗೆದ್ದವನ ಹೆಸರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಆಗ ವಯಸ್ಸು 29. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯಲ್ಲಿ ಅಧಿಕಾರಿಯಾಗಿದ್ದವನು. ಅವನ ದೋಣಿಯ ಹೆಸರು ‘ಸುಹೈಲಿ’. ಮುಂಬೈ ಓದುಗರಿಗೆ ಇದು ಖುಷಿ ಕೊಡಬಹುದು: ಆ ದೋಣಿ ಕಟ್ಟಿದ್ದು ಅಂದಿನ ಬೊಂಬಾಯಿಯಲ್ಲಿ, ತೇಗದ ಮರದಿಂದ. ಉದ್ದ ಕೇವಲ 32 ಅಡಿ. ಪಂದ್ಯದಲ್ಲಿದ್ದ ಹಲವು ದೋಣಿಗಳಿಗೆ ಹೋಲಿಸಿದರೆ ಕುಳ್ಳು, ನಿಧಾನ. 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟ. ದಾರಿಯಲ್ಲಿ ರೇಡಿಯೋ ಕೆಟ್ಟು ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಅದೇ ಬಂದರಿಗೆ ವಾಪಸಾದ.

ಇವನದು ಹುಂಬತನವೇ? ದಡದಿಂದ ನೋಡಿದರೆ ಹೌದು. ಆದರೆ ಅವನಿಗೆ ಅದೇ ದೋಣಿಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋದ ಅನುಭವವಿತ್ತು. ಅದರ ಒಂದೊಂದು ಹಲಗೆಯೂ ಗೊತ್ತಿತ್ತು. ನೀರು ಒಳಬರುತ್ತಿದ್ದಾಗ ನಡುಸಮುದ್ರದಲ್ಲಿ ಇಳಿದು ಸಂದು ಮುಚ್ಚಿದ. ಲಕ್ಷ್ಯ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ದೊಡ್ಡ ಅಪಾಯ ತೆಗೆದುಕೊಂಡ, ಆದರೆ ರೆಕ್‌ಲೆಸ್ ಆಗಿರಲಿಲ್ಲ.

ಈಗ ಸುಳ್ಳು ಹೇಳಿದವನ ಕಥೆ. ಡೊನಾಲ್ಡ್ ಕ್ರೌಹರ್ಸ್ಟ್ ಹುಟ್ಟಿದ್ದು 1932ರಲ್ಲಿ, ದೆಹಲಿಯ ಮಗ್ಗುಲಿನ ಗಾಜಿಯಾಬಾದಿನಲ್ಲಿ. ಸ್ವಾತಂತ್ರ್ಯ ಬಂದ ಕಾಲಕ್ಕೆ ಕುಟುಂಬ ಇಂಗ್ಲೆಂಡಿಗೆ ಮರಳಿತು. ದೊಡ್ಡವನಾದ ಮೇಲೆ ದೋಣಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಸಣ್ಣ ಕಂಪನಿ ತೆರೆದ. ವ್ಯಾಪಾರ ಕುಸಿಯುತ್ತಿತ್ತು. ಹೆಂಡತಿ, ನಾಲ್ಕು ಮಕ್ಕಳು. ವಾರಾಂತ್ಯದಲ್ಲಿ ದೋಣಿ ಬಿಟ್ಟು ಗೊತ್ತಿದ್ದವನೇ ಹೊರತು ಮಹಾಸಾಗರ ಕಂಡವನಲ್ಲ. ಪಂದ್ಯ ಗೆದ್ದರೆ ಕಂಪನಿ ಉಳಿಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಕಂಪನಿಗೆ ಹಣ ಹಾಕಿದ್ದ ವ್ಯಕ್ತಿಯೇ ದೋಣಿಗೂ ಹಣ ಕೊಟ್ಟ. ಆದರೆ ಒಂದು ಕರಾರಿತ್ತು. ಪಂದ್ಯದ ಆರಂಭದಲ್ಲೇ ಹಿಂದೆ ಸರಿದರೆ ಕ್ರೌಹರ್ಸ್ಟ್ ತಾನೇ ಆ ದೋಣಿಯನ್ನು ಕೊಂಡುಕೊಳ್ಳಬೇಕು. ಮನೆಯೂ ಅಡವಿಗೆ ಬಿದ್ದಿತ್ತು. ಮೂರು ಒಡಲುಗಳನ್ನು ಜೋಡಿಸಿದ ‘ಟೀನ್‌ಮತ್ ಎಲೆಕ್ಟ್ರಾನ್’ ಎಂಬ ದೋಣಿ ಅವಸರದಲ್ಲಿ ಸಿದ್ಧವಾಯಿತು, ಸರಿಯಾಗಿ ಸಿದ್ಧವಾಗಲೇ ಇಲ್ಲ ಎನ್ನುವುದು ಹೆಚ್ಚು ನಿಜ. ನಿಯಮದ ಪ್ರಕಾರ ಕೊನೆಯ ದಿನವಾದ ಅಕ್ಟೋಬರ್ 31ರಂದು ಹೊರಟ. ಕೆಲವೇ ದಿನಗಳಲ್ಲಿ ದೋಣಿಗೆ ನೀರು ನುಗ್ಗತೊಡಗಿತು. ನೀರು ಹೊರಹಾಕಲು ಬೇಕಾದ ಪೈಪು ದಡದಲ್ಲೇ ಉಳಿದುಹೋಗಿತ್ತು. ಈ ದೋಣಿ ದಕ್ಷಿಣ ಮಹಾಸಾಗರದ ಅಲೆ ತಡೆಯುವುದಿಲ್ಲ ಎಂದು ನವೆಂಬರ್ ತಿಂಗಳಲ್ಲೇ ಅವನು ತನ್ನ ಲಾಗ್ ಪುಸ್ತಕದಲ್ಲಿ ಕೊರತೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಬರೆದುಕೊಂಡಿದ್ದಾನೆ. ಬುದ್ಧಿವಂತ ಮನುಷ್ಯ. ಲಕ್ಷ್ಯವಿಲ್ಲದವನಲ್ಲ. ಎಲ್ಲವೂ ಕಾಣಿಸುತ್ತಿತ್ತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ.

ಅವನು ಮೂರನೆಯ ದಾರಿ ಹಿಡಿದ. ಅಟ್ಲಾಂಟಿಕ್ ಸಾಗರದಲ್ಲೇ ಸುಳಿದಾಡುತ್ತ, ತಾನು ಭೂಮಿ ಸುತ್ತುತ್ತಿರುವಂತೆ ಸುಳ್ಳು ಸ್ಥಾನಗಳನ್ನು ರೇಡಿಯೋದಲ್ಲಿ ಕಳಿಸಿದ. ಡಿಸೆಂಬರಿನಲ್ಲಿ ಒಂದೇ ದಿನ 243 ಮೈಲಿ ಸಾಗಿದೆ, ಇದು ದಾಖಲೆ ಎಂದು ಹೇಳಿಕೊಂಡ. ಪತ್ರಿಕೆಗಳು ಸಂಭ್ರಮದಿಂದ ಅಚ್ಚು ಹಾಕಿದವು. ಅನುಭವಿ ಚಿಚೆಸ್ಟರನಿಗೆ ಅನುಮಾನ ಬಂದಿತ್ತು. ಆದರೆ ಒಳ್ಳೆಯ ಕಥೆಯೊಂದು ನಡೆಯುತ್ತಿರುವಾಗ ಅನುಮಾನ ಯಾರಿಗೆ ಬೇಕು? 1969ರ ಮಾರ್ಚಿನಲ್ಲಿ ಗುಟ್ಟಾಗಿ ಅರ್ಜೆಂಟೀನಾದ ದಡಕ್ಕೆ ಬಂದು ದೋಣಿ ರಿಪೇರಿ ಮಾಡಿಕೊಂಡ. ಉಳಿದವರು ಸುತ್ತು ಮುಗಿಸಿ ಉತ್ತರಕ್ಕೆ ಬರುವಾಗ ಅವರ ಹಿಂದೆ ಸೇರಿಕೊಂಡು, ಗೌರವದ ಸೋಲು ಸೋತು ಮನೆಗೆ ಹೋಗುವುದು ಅವನ ಉಪಾಯ. ಸೋತವರ ಲಾಗ್ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ.

ಇಲ್ಲಿ ನೈಜೆಲ್ ಟೆಟ್ಲಿಯ ಕಥೆ ಬಂದು ಸೇರುತ್ತದೆ. ಟೆಟ್ಲಿ ನಿಜವಾಗಿಯೇ ಭೂಮಿ ಸುತ್ತಿದ್ದ. ಅವನ ದೋಣಿ ಜರ್ಜರಿತವಾಗಿತ್ತು. ನಿಧಾನವಾಗಿ ಬಂದಿದ್ದರೆ ಮನೆ ಸೇರುತ್ತಿದ್ದನೇನೋ. ಆದರೆ ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆ ಎಂದು ನಂಬಿ ದೋಣಿಯನ್ನು ಓಡಿಸಿದ. 1969ರ ಮೇ 21ರಂದು, ಅಜೋರ್ಸ್ ದ್ವೀಪಗಳ ಸಮೀಪ, ಅದು ಮುರಿದು ಮುಳುಗಿತು. ಟೆಟ್ಲಿಯನ್ನು ರಕ್ಷಿಸಿದರು. ಇಲ್ಲದ ಎದುರಾಳಿಯ ಜೊತೆ ಓಡಿ ಸೋತ ಮನುಷ್ಯ ಅವನು.

ಆ ಕ್ಷಣದಿಂದ ಕ್ರೌಹರ್ಸ್ಟ್‌ಗೆ ಸೋಲುವ ದಾರಿಯೂ ಮುಚ್ಚಿತು. ಈಗ ದಡ ಮುಟ್ಟಿದರೆ ವೇಗದ ಬಹುಮಾನ ಅವನದೇ. ಅಂದರೆ ಲಾಗ್ ಪುಸ್ತಕ ಎಲ್ಲರ ಕೈಗೆ ಹೋಗುತ್ತದೆ. ಊರಿನಲ್ಲಿ ಸ್ವಾಗತದ ಸಿದ್ಧತೆ ನಡೆಯುತ್ತಿತ್ತು. ದೋಣಿಯಲ್ಲಿ ಅವನು ದೇವರು, ಕಾಲ, ಗಣಿತ ಎಂದು ಸಾವಿರಾರು ಪದಗಳ ಬರಹ ಬರೆಯುತ್ತ ಮತಿ ಕಳೆದುಕೊಳ್ಳುತ್ತಿದ್ದ. ಕೊನೆಯ ಬರಹದ ದಿನಾಂಕ ಜುಲೈ 1. ಜುಲೈ 10ರಂದು ಅಂಚೆಹಡಗೊಂದಕ್ಕೆ ಅವನ ದೋಣಿ ಖಾಲಿ ತೇಲುತ್ತಿರುವುದು ಕಂಡಿತು. ದೇಹ ಸಿಗಲಿಲ್ಲ. ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5000 ಪೌಂಡನ್ನೂ ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟ.

ಈ ಕಥೆ ಹೇಳುವವರೆಲ್ಲ ಕ್ರೌಹರ್ಸ್ಟ್‌ನ ತಲೆಯೊಳಗೆ ಏನು ನಡೆಯಿತು ಎಂದು ಹುಡುಕುತ್ತಾರೆ. ಅವನ ಮೇಲೆ ಪುಸ್ತಕಗಳು ಬಂದಿವೆ, ಸಾಕ್ಷ್ಯಚಿತ್ರ ಬಂದಿದೆ, ಸಿನಿಮಾ ಬಂದಿದೆ. ನನಗೆ ಅವನ ತಲೆಗಿಂತ ದಡದ ಮೇಲಿದ್ದವರು ಮುಖ್ಯ ಎನಿಸುತ್ತಾರೆ. ಪಂದ್ಯ ಇಟ್ಟ ಪತ್ರಿಕೆ ಯಾರ ದೋಣಿಯನ್ನೂ ತಪಾಸಣೆ ಮಾಡಲಿಲ್ಲ. ಹಣ ಹಾಕಿದವನು ಹಿಂತಿರುಗುವುದಕ್ಕೆ ದಂಡ ಬರೆಸಿಕೊಂಡ. ಪ್ರಚಾರ ಮಾಡಿದವರು ಅವನ ಅರೆಬರೆ ಸಂದೇಶಗಳಿಗೆ ಉಪ್ಪುಖಾರ ಹಚ್ಚಿ ಪತ್ರಿಕೆಗಳಿಗೆ ಕಳಿಸಿದರು. ಓದುಗರು ಬೆಳಗಿನ ಚಹಾದ ಜೊತೆ ಅದನ್ನು ಸವಿದರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಎಲ್ಲರೂ ಸೇರಿ ಒಬ್ಬ ಮನುಷ್ಯನನ್ನು ನಡುನೀರಿನಲ್ಲಿ ಕೈಬಿಟ್ಟರು. ಸುಳ್ಳು ಹೇಳಿದ್ದು ಅವನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಟೆಟ್ಲಿಯ ದೋಣಿ ಮುಳುಗಿದ್ದರಲ್ಲಿ ಅವನ ಪಾಲೂ ಇದೆ. ಆದರೆ ‘ಸೋತೆ, ವಾಪಸ್ ಬರುತ್ತೇನೆ’ ಎನ್ನುವ ಮಾತಿಗೆ ಇಷ್ಟು ಬೆಲೆ ಕಟ್ಟಿಟ್ಟವರು ಅದರ ಹೊಣೆಯಿಂದ ಪಾರಾಗಬಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅವರವರ ಜೀವ ಅವರವರದು, ಅದನ್ನು ಪಣಕ್ಕಿಟ್ಟರೆ ಕೇಳಲು ನಾವು ಯಾರು? ಫ್ರಾನ್ಸಿನ ಬರ್ನಾರ್ ಮೊಯಿತೆಸ್ಸಿಯೆ ಈ ವಾದದ ಇಷ್ಟದೈವ. ವೇಗದ ಬಹುಮಾನ ಅವನಿಗೇ ಬರಬಹುದು ಎನ್ನುವ ಸ್ಥಿತಿಯಲ್ಲಿ, 1969ರ ಮಾರ್ಚಿನಲ್ಲಿ, ಕವಣೆಯಿಂದ ಒಂದು ಹಡಗಿನ ಮೇಲೆ ಸಂದೇಶ ಎಸೆದು, ತಾನು ಪಂದ್ಯದಿಂದ ಹೊರಗೆ ಎಂದು ತಿಳಿಸಿ, ಮತ್ತೆ ಅರ್ಧ ಭೂಮಿ ಸುತ್ತಿ ತಾಹಿತಿ ಸೇರಿದ. ಅನೇಕರ ಕಣ್ಣಿಗೆ ಅವನು ಸಂತ. ನನಗೂ ಅವನು ಇಷ್ಟ. ಕಾರಣ ಮಾತ್ರ ಬೇರೆ. ಚಪ್ಪಾಳೆ ತನ್ನ ದೋಣಿಯ ಚುಕ್ಕಾಣಿ ಹಿಡಿಯಬಾರದು ಎಂದು ಕಂಡುಕೊಂಡವನು ಅವನೊಬ್ಬ. ಆದರೂ ದಡದಲ್ಲಿ ಅವನಿಗಾಗಿ ಹೆಂಡತಿ ಕಾಯುತ್ತಿದ್ದಳು. ಒಂಟಿ ಯಾನದಲ್ಲಿ ದೋಣಿಯಷ್ಟೇ ಒಂಟಿ. ಅದರ ಹಗ್ಗಗಳೆಲ್ಲ ಯಾರದೋ ಮನೆಯ ಜಗುಲಿಗೆ ಕಟ್ಟಿರುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕೆ ತೀರಾ ವಿರುದ್ಧವಾದದ್ದು, ಹೆಚ್ಚು ಜೋರಾಗಿ ಕೇಳುವಂಥದ್ದು. ಇವರ ಶೋಕಿಗೆ ನಮ್ಮ ತೆರಿಗೆ ಹಣ ಯಾಕೆ? 1997ರ ಜನವರಿಯಲ್ಲಿ ಬ್ರಿಟನ್ನಿನ ಟೋನಿ ಬುಲಿಮೋರ್ ಎಂಬವನ ದೋಣಿ ದಕ್ಷಿಣ ಮಹಾಸಾಗರದಲ್ಲಿ ಬುಡಮೇಲಾಯಿತು. ಕವುಚಿದ ದೋಣಿಯೊಳಗೆ, ಕತ್ತಲಲ್ಲಿ, ಹಿಮದಂಥ ನೀರಿನ ಮೇಲೆ ಉಳಿದಿದ್ದ ಗಾಳಿಯಲ್ಲಿ ಅವನು ನಾಲ್ಕು ದಿನ ಬದುಕಿದ್ದ. ಆಸ್ಟ್ರೇಲಿಯಾದ ನೌಕಾಪಡೆಯ ‘ಅಡಿಲೇಡ್’ ಹಡಗು ದೇಶದ ತೀರದಿಂದ ಸುಮಾರು 2500 ಕಿಲೋಮೀಟರ್ ದೂರ ಹೋಗಿ ಅವನನ್ನು ಹೊರತೆಗೆಯಿತು. ಅದೇ ಪಂದ್ಯದ ಥಿಯೆರಿ ದುಬ್ವಾ ಎಂಬ ಇನ್ನೊಬ್ಬನನ್ನೂ ಕಾಪಾಡಿತು. ಸಂಭ್ರಮ ಇಳಿಯುತ್ತಿದ್ದಂತೆ ಬಿಲ್ಲಿನ ಮಾತು ಬಂತು. ರಕ್ಷಣೆಯ ಖರ್ಚನ್ನು ಇವರಿಂದಲೇ ವಸೂಲಿ ಮಾಡಬೇಕು ಎಂದು ಹಲವರು ಕೇಳಿದರು.

ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಪ್ಪಲಾರೆ. ಸಮುದ್ರದ ಕಾನೂನಿನಲ್ಲಿ ಬಹಳ ಹಳೆಯದೊಂದು ರೂಢಿಯಿದೆ, ಇವತ್ತು ಅಂತರರಾಷ್ಟ್ರೀಯ ಒಪ್ಪಂದಗಳಲ್ಲೂ ಬರೆದಿದೆ. ನೀರಿನಲ್ಲಿ ಅಪಾಯಕ್ಕೆ ಸಿಕ್ಕವರು ಯಾರು, ಯಾವ ದೇಶದವರು, ಯಾಕೆ ಅಲ್ಲಿಗೆ ಹೋದರು ಎಂದು ಕೇಳದೆ ಹತ್ತಿರದ ಹಡಗು ನೆರವಿಗೆ ಹೋಗಬೇಕು. ಮುಳುಗುತ್ತಿರುವ ಸರಕು ಉಳಿಸಿದರೆ ಪ್ರತಿಫಲ ಕೇಳಬಹುದು. ಜೀವ ಉಳಿಸಿಕೊಂಡವರ ಹತ್ತಿರ ಬಾಡಿಗೆ ಕೇಳುವಂತಿಲ್ಲ. ಈ ರೂಢಿಯ ಶಕ್ತಿಯೆಲ್ಲ ಇರುವುದು ‘ಯಾಕೆ’ ಎಂದು ಕೇಳದಿರುವುದರಲ್ಲಿ. ಇವತ್ತು ಶೋಕಿಗೆ ಹೋದವನ ಬಳಿ ಯಾಕೆ ಹೋದೆ ಎಂದು ಕೇಳಲು ಶುರುಮಾಡಿದರೆ, ನಾಳೆ ಅದೇ ಪ್ರಶ್ನೆಯನ್ನು ದೇಶ ಬಿಟ್ಟು ಓಡಿಬರುತ್ತಿರುವ ನಿರಾಶ್ರಿತರ ದೋಣಿಗೆ ಕೇಳುತ್ತಾರೆ, ಗಡಿ ತಪ್ಪಿದ ಬಡ ಮೀನುಗಾರನಿಗೆ ಕೇಳುತ್ತಾರೆ. ಶ್ರೀಮಂತ ಹೇಗಾದರೂ ವಿಮೆ ಕಟ್ಟಿ ಪಾರಾಗುತ್ತಾನೆ. ರಕ್ಷಣೆಗೆ ಷರತ್ತು ಹಾಕಬಾರದು. ಷರತ್ತು ಹಾಕಬೇಕಾದದ್ದು ನಮ್ಮ ಮೆಚ್ಚುಗೆಗೆ.

ಆ ಷರತ್ತು ಯಾವುದು ಎಂದು ಹೇಳಲು ನಮ್ಮವರದೇ ಒಂದು ಉದಾಹರಣೆ ಇದೆ. ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ 2012-13ರಲ್ಲಿ ಮುಂಬೈಯಿಂದ ಹೊರಟು, ‘ಮಾದೇಯಿ’ ಎಂಬ ಗೋವಾದಲ್ಲಿ ಕಟ್ಟಿದ ಹಾಯಿದೋಣಿಯಲ್ಲಿ, ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಮುಂಬೈಗೇ ವಾಪಸಾದರು. ಭಾರತೀಯರಲ್ಲಿ ಅವರೇ ಮೊದಲಿಗರು. ಅದಕ್ಕೆ ಮೊದಲು ದಿಲೀಪ್ ದೋಂದೆ ಅದೇ ದೋಣಿಯಲ್ಲಿ ಕೆಲವು ಬಂದರುಗಳಲ್ಲಿ ನಿಂತು ಸುತ್ತಿ ಬಂದಿದ್ದರು. ಆಗ ದಡದ ಮೇಲಿದ್ದು ಅವರಿಗೆ ಬೇಕಾದ ಏರ್ಪಾಡು ನೋಡಿಕೊಂಡವರು ಟೋಮಿ. ಅಂದರೆ ಸಮುದ್ರಕ್ಕೆ ಇಳಿಯುವ ಮೊದಲು ದಡದ ಕೆಲಸ ಕಲಿತವರು.

2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯವನ್ನು ಐವತ್ತು ವರ್ಷದ ನೆನಪಿಗೆ ಮತ್ತೆ ಇಟ್ಟರು. 1968ರ ಕಾಲದ ಸಲಕರಣೆಗಳನ್ನೇ ಬಳಸಬೇಕು, ಜಿಪಿಎಸ್ ನೋಡುವಂತಿಲ್ಲ. ಟೋಮಿ ಹೊರಟದ್ದು ಸುಹೈಲಿಯದೇ ಪಡಿಯಚ್ಚಾದ, ಗೋವಾದಲ್ಲಿ ಕಟ್ಟಿದ ‘ತುರೀಯ’ದಲ್ಲಿ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಉರುಳಿತು. ಹಾಯಿಯ ಕಂಬಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಿಂದ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಭಾರತದ ನೌಕಾಪಡೆಯ ವಿಮಾನ ಮಾರಿಷಸ್‌ನಿಂದ ಹಾರಿ ದೋಣಿಯನ್ನು ಪತ್ತೆ ಮಾಡಿತು. ಸೆಪ್ಟೆಂಬರ್ 24ರಂದು ‘ಒಸಿರಿಸ್’ ಎಂಬ ಫ್ರೆಂಚ್ ಮೀನುಗಾರಿಕೆ ಕಾವಲು ಹಡಗು ತಲುಪಿ ಅವರನ್ನು ಎತ್ತಿಕೊಂಡಿತು. ಅದೇ ಬಿರುಗಾಳಿಯಲ್ಲಿ ಕಂಬ ಮುರಿದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗುಕಿನ್ ಕೈಗೆ ಸಿಕ್ಕ ಹಾಯಿ ಕಟ್ಟಿಕೊಂಡು ಟೋಮಿಯವರ ಕಡೆಗೇ ಬರುತ್ತಿದ್ದ.

ಈ ಕೊನೆಯ ಸಾಲಿನ ಹತ್ತಿರ ಸ್ವಲ್ಪ ನಿಲ್ಲಿ. ಈ ಯಾನಿಗಳ ಲೋಕದಲ್ಲಿ ನನಗೆ ಅತ್ಯಂತ ಹೆಚ್ಚು ಗೌರವ ಹುಟ್ಟಿಸುವುದು ಇಂಥ ಘಟನೆಗಳು. 1996ರ ಕ್ರಿಸ್‌ಮಸ್ ಹೊತ್ತಿಗೆ ಪೀಟ್ ಗಾಸ್ ಎಂಬವನು ಪಂದ್ಯ ಬಿಟ್ಟು, ಬಿರುಗಾಳಿಗೆ ಎದುರಾಗಿ ದೋಣಿ ತಿರುಗಿಸಿ, ರಫಾಯೆಲ್ ದಿನೆಲ್ಲಿ ಎಂಬ ಪ್ರತಿಸ್ಪರ್ಧಿಯನ್ನು ಕಾಪಾಡಿದ. 2022ರ ಗೋಲ್ಡನ್ ಗ್ಲೋಬ್‌ನಲ್ಲಿ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್, ದೋಣಿ ಮುಳುಗಿ ರಬ್ಬರ್ ತೆಪ್ಪದಲ್ಲಿ ತೇಲುತ್ತಿದ್ದ ಫಿನ್‌ಲೆಂಡಿನ ತಾಪಿಯೊ ಲೆಹ್ಟಿನೆನ್‌ನನ್ನು ಹುಡುಕಿ ಎತ್ತಿಕೊಂಡು, ಸರಕು ಹಡಗಿಗೆ ಒಪ್ಪಿಸಿ, ಮತ್ತೆ ಪಂದ್ಯಕ್ಕೆ ಮರಳಿದಳು. ಕೊನೆಗೆ ಗೆದ್ದದ್ದೂ ಅವಳೇ. ದಾರಿ ಬದಲಿಸಲು ಸಿದ್ಧವಿದ್ದವರು ಇವರು. ಗುರಿ ಇವರ ಕಣ್ಣು ಕಟ್ಟಿರಲಿಲ್ಲ.

ಆ ಪಂದ್ಯದಲ್ಲಿ ಎರಡನೆಯ ಸ್ಥಾನ ಅಭಿಲಾಷ್ ಟೋಮಿ ಅವರದು. ಬೆನ್ನಿನಲ್ಲಿ ಟೈಟಾನಿಯಂ ಕಂಬಿಗಳನ್ನು ಇಟ್ಟುಕೊಂಡೇ 2023ರ ಏಪ್ರಿಲ್‌ನಲ್ಲಿ ಗುರಿ ಮುಟ್ಟಿದರು. ಒಂದು ಸಲ ಸಾವಿನ ಬಾಯಿಂದ ಎಳೆದು ತಂದ ಮೇಲೆ ಮತ್ತೆ ಹೋಗುವುದು ಹುಚ್ಚಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ: ಮೊದಲ ಸಲ ಅವರು ಸಹಾಯ ಬೇಕು ಎಂದು ಹೇಳಿದರು, ತಮಗೆ ಏನಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು, ದೋಣಿಯನ್ನು ಬಿಟ್ಟು ಬಂದರು. ಹಾಗೆ ಬಿಟ್ಟು ಬರಬಲ್ಲವರು ಎಂದು ಗೊತ್ತಿರುವುದರಿಂದಲೇ ಎರಡನೆಯ ಸಲ ಅವರನ್ನು ನಂಬಿ ಕಳಿಸಬಹುದು. ಮೆಚ್ಚುಗೆಗೆ ನಾನು ಹಾಕುವ ಷರತ್ತು ಇಷ್ಟೇ. ಸಿದ್ಧತೆ ಇರಬೇಕು, ಮಾತು ನಿಜವಿರಬೇಕು, ಮರಳುವ ಮನಸ್ಸು ಇರಬೇಕು. ಅಪಾಯ ಎಷ್ಟು ದೊಡ್ಡದಿತ್ತು ಎಂಬುದು ಈ ಪಟ್ಟಿಯಲ್ಲಿಲ್ಲ.

ಈ ಮೂರನೆಯ ಮಾತು, ಮರಳುವುದು, ಎಲ್ಲರ ಕೈಯಲ್ಲೂ ಇರುವುದಿಲ್ಲ. ಇಲ್ಲಿ ನಮ್ಮ ಕರಾವಳಿಯ ಮಾತು ಬರಲೇಬೇಕು. ಟೋಮಿಯವರನ್ನು ರಕ್ಷಿಸಿದ ಅದೇ 2018ರ ಡಿಸೆಂಬರಿನಲ್ಲಿ, ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೋದ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಉಡುಪಿ ಜಿಲ್ಲೆಯವರು, ಉತ್ತರ ಕನ್ನಡದವರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಬಂದರು ಮುಚ್ಚಿ ಹೆದ್ದಾರಿಗೆ ಇಳಿದು, ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. 2019ರ ಮೇ ಹೊತ್ತಿಗೆ ಮಹಾರಾಷ್ಟ್ರದ ಮಾಲ್ವಣದ ಆಚೆ, ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಏಳು ಜನ ಸಿಗಲಿಲ್ಲ.

ಇಬ್ಬರನ್ನು ಎದುರುಬದುರು ನಿಲ್ಲಿಸಿ ಯಾರ ಜೀವಕ್ಕೆ ಹೆಚ್ಚು ಬೆಲೆ ಎಂದು ತೂಗುವುದು ನನ್ನ ಉದ್ದೇಶವಲ್ಲ. ಟೋಮಿಯವರನ್ನು ಹುಡುಕಿದ್ದು ಸರಿ. ಮೀನುಗಾರರನ್ನೂ ಅಷ್ಟೇ ಬೇಗ ಹುಡುಕುವ ವ್ಯವಸ್ಥೆ ಬೇಕು ಎನ್ನುವುದು ಅದರ ಮುಂದಿನ ಮಾತು. ದೋಣಿಗಳ ಅಪಾಯದ ಕರೆಯನ್ನು ಉಪಗ್ರಹದ ಮೂಲಕ ಹಿಡಿಯುವ ಜಾಲದ ಭಾರತದ ಕೇಂದ್ರ ಇರುವುದು ಬೆಂಗಳೂರಿನ ಇಸ್ರೋದಲ್ಲಿ. ಮೀನುಗಾರರಿಗೆಂದೇ ಅಗ್ಗದ ಕರೆ-ಸಾಧನವನ್ನೂ ಇಸ್ರೋ ರೂಪಿಸಿದೆ. ತಂತ್ರಜ್ಞಾನ ಬೇರೆಲ್ಲಿಂದಲೋ ಬರಬೇಕಾಗಿಲ್ಲ.

ಸಾಹಸದ ಚರ್ಚೆಯಲ್ಲಿ ಮೀನುಗಾರರ ಹೆಸರು ಬರುವುದೇ ಇಲ್ಲ. ಅವರ ಅಪಾಯಕ್ಕೆ ನಾವು ‘ಕಸುಬು’ ಎಂದು ಹೆಸರಿಟ್ಟು ಮುಗಿಸಿದ್ದೇವೆ. ಸಮುದ್ರ ಬಲ್ಲವರ ನಡವಳಿಕೆ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಕಾನೂನಿನ ಉದ್ದೇಶ ಮೀನಿನ ಸಂತತಿ ಉಳಿಸುವುದು, ಆದರೆ ಮಳೆಗಾಲದ ಕಡಲಿಗೆ ಇಳಿಯಬಾರದೆಂಬ ತಿಳಿವಳಿಕೆ ಕಾನೂನಿಗಿಂತ ಹಳೆಯದು. ನೂಲ ಹುಣ್ಣಿಮೆಗೆ ಮಲ್ಪೆ, ಮಂಗಳೂರಿನ ಕಡೆ ಕಡಲಿಗೆ ಹಾಲೆರೆದು ಪೂಜೆ ಮಾಡುತ್ತಾರೆ. ಮುಂಬೈಯ ಕೋಳಿಗಳು ಅದೇ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಸಮುದ್ರವನ್ನು ಗೆಲ್ಲುತ್ತೇನೆ ಎಂದು ಅವರು ಯಾರೂ ಹೇಳುವುದಿಲ್ಲ. ಹೋಗಿ ಬರುತ್ತೇನೆ ಎನ್ನುತ್ತಾರೆ. ಮನೆಯಿಂದ ಹೊರಡುವಾಗ ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಅಪಶಕುನ, ‘ಬರುತ್ತೇನೆ’ ಎನ್ನಬೇಕು ಎಂದು ನಮಗೂ ಮನೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ.

ಆದರೂ ಅವರು ಹವಾಮಾನದ ಎಚ್ಚರಿಕೆ ಮೀರಿ ಒಮ್ಮೊಮ್ಮೆ ಮುಂದೆ ಹೋಗುತ್ತಾರೆ. ಯಾಕೆಂದರೆ ಬೋಟಿಗೆ ಡೀಸೆಲ್ ತುಂಬಿಸಿದೆ, ಐಸು ತುಂಬಿಸಿದೆ, ಸಾಲ ಇದೆ. ಬಲೆ ತುಂಬದೆ ವಾಪಸಾದರೆ ತಾಂಡೇಲನಿಂದ ಹಿಡಿದು ಅಡುಗೆ ಮಾಡುವ ಹುಡುಗನವರೆಗೆ ಎಲ್ಲರ ಪಾಲೂ ಸೊನ್ನೆ. ಕ್ರೌಹರ್ಸ್ಟ್‌ನ ಅಡವಿಟ್ಟ ಮನೆ ನೆನಪಾಗುವುದಿಲ್ಲವೇ? ಅವನು ತಾನಾಗಿ ಆ ಕರಾರಿಗೆ ಸಹಿ ಹಾಕಿದ, ಇವರು ಹುಟ್ಟಿದ್ದೇ ಆ ಕರಾರಿನೊಳಗೆ. ಹಿಂತಿರುಗುವುದು ಎಷ್ಟು ದುಬಾರಿ ಎಂಬುದೇ ಎರಡೂ ಕಡೆ ನಿಜವಾದ ಅಪಾಯ, ಅಲೆ ಆಮೇಲೆ. ಇವರನ್ನು ದುಡುಕಿನವರು ಎಂದು ಬೈಯುವ ಮೊದಲು ಬಿರುಗಾಳಿಯ ದಿನ ವಾಪಸ್ ಬಂದ ಬೋಟಿಗೆ ಪರಿಹಾರ ಎಷ್ಟು ಎಂದು ಕೇಳಬೇಕು.

ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಸಮುದ್ರಕ್ಕೆ ಇಳಿಯುವವರಲ್ಲ. ಪುಣೆ, ಹೈದರಾಬಾದ್, ಚೆನ್ನೈಗಳ ಕಚೇರಿಗಳಲ್ಲಿ ಕೂತವರು. ಆದರೆ ಅಲ್ಲೂ ಒಂದು ಹಡಗಿನ ಕಥೆ ಚಾಲ್ತಿಯಲ್ಲಿದೆ. 1519ರಲ್ಲಿ ಸ್ಪೇನಿನ ಕೋರ್ಟೆಸ್ ಮೆಕ್ಸಿಕೋಗೆ ಇಳಿದು, ಸೈನಿಕರು ಹಿಂತಿರುಗದಂತೆ ಹಡಗುಗಳನ್ನು ನಾಶಮಾಡಿಸಿದ. ಸ್ಫೂರ್ತಿ ತುಂಬುವ ಭಾಷಣಕಾರರಿಗೆ ಈ ಕಥೆ ಬಲು ಪ್ರಿಯ. ನಿಮ್ಮ ಹಡಗು ಸುಟ್ಟುಹಾಕಿ, ಆಗ ಗೆಲ್ಲುತ್ತೀರಿ ಎನ್ನುತ್ತಾರೆ. ಆ ಹಡಗುಗಳನ್ನು ಕೆಡವಿದ್ದು ಯಾರದೋ ಸ್ಫೂರ್ತಿಗಲ್ಲ, ವಾಪಸ್ ಹೋಗಬೇಕೆಂದಿದ್ದವರ ಬಾಯಿ ಮುಚ್ಚಿಸಲು ಎಂಬುದನ್ನು ಯಾರೂ ಹೇಳುವುದಿಲ್ಲ. ಮನೆ ಅಡವಿಟ್ಟು ಕಂಪನಿ ತೆರೆದವರನ್ನು, ಕೆಲಸ ಬಿಟ್ಟು ಧುಮುಕಿದವರನ್ನು ನಾವು ಹೊಗಳುವಾಗ ಎಷ್ಟೋ ಸಲ ಹೊಗಳುತ್ತಿರುವುದು ಹಡಗು ಸುಟ್ಟದ್ದನ್ನೇ. ಮುಚ್ಚಿ ವಾಪಸಾದವರನ್ನು ಮದುವೆಮನೆಯಲ್ಲಿ ಹೇಗೆ ಮಾತಾಡಿಸುತ್ತೇವೆ ಎಂದು ನೆನಪು ಮಾಡಿಕೊಳ್ಳಿ.

ಆದ್ದರಿಂದ 1968ರ ಆ ಮರೆತ ಐದು ಜನರ ಹೆಸರನ್ನು ಇಲ್ಲಿ ಬರೆದಿಡುತ್ತೇನೆ. ಜಾನ್ ರಿಜ್‌ವೇ ಬ್ರೆಜಿಲ್‌ನಲ್ಲಿ ಪಂದ್ಯ ಬಿಟ್ಟ. ಅಲೆಕ್ಸ್ ಕರೋಜ್ಜೊ ಹೊಟ್ಟೆಹುಣ್ಣಿನಿಂದ ಪೋರ್ಚುಗಲ್‌ಗೆ ಬಂದ. ಲೊಯಿಕ್ ಫೂಜೆರೋನ್ ಬಿರುಗಾಳಿಗೆ ಸಿಕ್ಕಮೇಲೆ ಸೇಂಟ್ ಹೆಲೆನಾ ದ್ವೀಪ ಸೇರಿದ. ಚೇ ಬ್ಲೈತ್ ಹೊರಟಾಗ ಅವನಿಗೆ ಹಾಯಿ ನಡೆಸಲೂ ಸರಿಯಾಗಿ ಬರುತ್ತಿರಲಿಲ್ಲ, ಹುಂಬತನಕ್ಕೆ ಅವನಿಗಿಂತ ಉದಾಹರಣೆ ಬೇಡ. ಆದರೆ ದೋಣಿ ಈ ಕೆಲಸಕ್ಕೆ ಆಗುವುದಿಲ್ಲ ಎಂದು ಗೊತ್ತಾದಾಗ ದಕ್ಷಿಣ ಆಫ್ರಿಕಾದಲ್ಲಿ ನಿಲ್ಲಿಸಿದ. ಎರಡು ವರ್ಷದ ನಂತರ ತಕ್ಕ ದೋಣಿಯೊಂದಿಗೆ ಹೊರಟು, ಗಾಳಿಗೆ ಎದುರಾಗಿ, ಪೂರ್ವದಿಂದ ಪಶ್ಚಿಮಕ್ಕೆ ಭೂಮಿಯನ್ನು 292 ದಿನಗಳಲ್ಲಿ ಸುತ್ತಿ ಬಂದ.

ಐದನೆಯವನು ಬಿಲ್ ಕಿಂಗ್. ಎಲ್ಲರಿಗಿಂತ ಹಿರಿಯ, ಆಗಲೇ 58 ವರ್ಷ. ಅಲೆ ಅವನ ದೋಣಿಯನ್ನು ಉರುಳಿಸಿ ಕಂಬ ಮುರಿದಾಗ ಕೇಪ್‌ಟೌನ್‌ಗೆ ಬಂದು ಪಂದ್ಯ ಬಿಟ್ಟ. ಕೆಲವು ವರ್ಷಗಳ ನಂತರ ಅದೇ ದೋಣಿಯಲ್ಲಿ ಮತ್ತೆ ಹೊರಟು, ಪಂದ್ಯವಿಲ್ಲದೆ, ಬಂದರುಗಳಲ್ಲಿ ನಿಲ್ಲುತ್ತ, ಒಬ್ಬನೇ ಭೂಮಿ ಸುತ್ತು ಮುಗಿಸಿದ. ತೀರಿಕೊಂಡದ್ದು 2012ರಲ್ಲಿ, 102ನೆಯ ವಯಸ್ಸಿನಲ್ಲಿ.